ಪದಚರ್ಚೆ: ಡ್ರೈ ಬಲ್ಕ್ ಅಂದ್ರೆ ‘ಒಣ ಬೃಹತ್ ಸರಕು’ ಅಂತಾನೇ ಬರೀಬೇಕಾ? ‘ರಾಶಿ ಸರಕು’ ಆಗಲ್ವಾ?

ಎಲ್ಲರಿಗೂ ನಮಸ್ಕಾರ,

ಡ್ರೈ ಬಲ್ಕ್ ಶಿಪ್ಪಿಂಗ್ ಅನ್ನೋದಕ್ಕೆ ಕನ್ನಡದಲ್ಲಿ ನೀವೆಲ್ಲ ಏನಂತೀರಿ? ಕಬ್ಬಿಣದ ಅದಿರು, ಕಲ್ಲಿದ್ದಲು, ಗೋಧಿ, ಸೋಯಾ, ಬಾಕ್ಸೈಟ್, ಯೂರಿಯಾ, ಪೊಟ್ಯಾಷ್ ಇಂಥದ್ದನ್ನೆಲ್ಲ ಮೂಟೆ ಕಟ್ಟದೆ, ಕಂಟೇನರ್‌ಗೂ ತುಂಬದೆ, ಹಾಗ್‌ಹಾಗೇ ಹಡಗಿನ ಒಡಲಿಗೆ ಸುರಿದು ಸಾಗಿಸೋ ವ್ಯವಹಾರ ಇದು. ನಾನು ಬೆಂಗಳೂರಲ್ಲಿ ಲೋಹ, ಕಲ್ಲಿದ್ದಲು ಮಾರ್ಕೆಟ್ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರಿಯೋ ಕೆಲಸ ಮಾಡ್ತೀನಿ. ಓದೋರು ಹೆಚ್ಚಾಗಿ ಹೊಸಪೇಟೆ, ಸಂಡೂರು, ಬಳ್ಳಾರಿ ಕಡೆ ಲಾರಿ ಇಟ್ಟಿರೋರು, ಸ್ಪಾಂಜ್ ಐರನ್ ಫ್ಯಾಕ್ಟರಿಯೋರು, ಪೀಣ್ಯದಲ್ಲಿ ಸಣ್ಣ ಫೌಂಡ್ರಿ ನಡೆಸೋರು. ಇವರಿಗೆ ಅದಿರಿನ ವಿಷ್ಯ ನಾನು ಹೇಳಿಕೊಡಬೇಕಾಗಿಲ್ಲ, ಚೀನಾದಲ್ಲಿ ರೇಟ್ ಏರಿದ್ರೆ ತಮ್ಮ ಊರಲ್ಲಿ ಟಿಪ್ಪರ್ ಬಾಡಿಗೆ ಏನಾಗತ್ತೆ ಅನ್ನೋದು ಅವರಿಗೆ ಬಾಯಿಪಾಠ, ಆದ್ರೆ ಪೇಪರ್ರಲ್ಲಿ ‘ಒಣ ಬೃಹತ್ ಸರಕು ಸಾಗಣೆ’ ಅಂತಲೋ ‘ಶುಷ್ಕ ಸಗಟು ನೌಕಾಯಾನ’ ಅಂತಲೋ ‘ಬಾಲ್ಟಿಕ್ ಒಣ ಸೂಚ್ಯಂಕ’ ಅಂತಲೋ ಬಂದ್ರೆ ಅದು ತಮ್ಮದೇ ಸುದ್ದಿ ಅಂತ ಅವರಿಗೆ ಹೊಳೆಯೋದೇ ಇಲ್ಲ, ಪುಟ ತಿರುಗಿಸಿ ಮುಂದೆ ಹೋಗ್ತಾರೆ. ಇದು ನನಗೆ ಬಹಳ ಬೇಜಾರಿನ ಸಂಗತಿ, ಅದಕ್ಕೇ ಇಷ್ಟುದ್ದ ಬರೀತಿರೋದು, ದಯವಿಟ್ಟು ಪೂರ್ತಿ ಓದಿ.

ನನ್ನ ಮಟ್ಟಿಗೆ ಬಲ್ಕ್ ಅಂದ್ರೆ ರಾಶಿ. ಬೃಹತ್ತೂ ಅಲ್ಲ, ಸಗಟೂ ಅಲ್ಲ. ಸಗಟು ಅನ್ನೋದು ಚಿಲ್ಲರೆಗೆ ಎದುರಾದ ಪದ, ಅದು ಮಾರೋ ಬಗೆ ಹೇಳತ್ತೆ. ಮೂಟೆಮೂಟೆ ಸಕ್ಕರೆನೂ ಸಗಟಲ್ಲಿ ಮಾರ್ತಾರೆ, ಡಜನ್‌ಗಟ್ಟಲೆ ಬನಿಯನ್ನೂ ಸಗಟಲ್ಲಿ ಮಾರ್ತಾರೆ, ಅದ್ಯಾವುದೂ ಬಲ್ಕ್ ಕಾರ್ಗೋ ಅಲ್ಲ. ಬೃಹತ್ ಅಂದ್ರೆ ದೊಡ್ಡದು, ವಿಂಡ್‌ಮಿಲ್ಲಿನ ರೆಕ್ಕೆ ಬೃಹತ್ತು, ಟರ್ಬೈನು ಬೃಹತ್ತು, ಅವನ್ನ ಸಾಗಿಸೋ ಹಡಗು, ಕಂಪನಿ, ರೇಟು ಎಲ್ಲ ಬೇರೆ. ಬಲ್ಕ್ ಸರಕಿನ ಒಂದೊಂದು ಕಾಳು, ಒಂದೊಂದು ಚೂರು ಬೃಹತ್ತಿಗೆ ಪೂರಾ ವಿರುದ್ಧ, ಸಣ್ಣದಾಗಿ ಲೆಕ್ಕವಿಲ್ಲದಷ್ಟು ಇರೋದ್ರಿಂದ ಎಣಿಸೋಕಾಗಲ್ಲ ಅಂತ್ಲೇ ಸುರಿಯೋದು. ಇಂಗ್ಲಿಷಿನ ಬಲ್ಕ್ ಅನ್ನೋ ಪದದ ಬೇರು ಹುಡುಕಿದ್ರೂ ಇದೇ ಸಿಗೋದು. ಅದು ಹಳೇ ನಾರ್ಸ್ ಭಾಷೆಯ ‘ಬುಲ್ಕಿ’ಯಿಂದ ಬಂದಿದ್ದು, ಹಡಗಿನ ಸರಕು ಅಂತ ಅರ್ಥ, ಆಮೇಲೆ ರಾಶಿ ಅನ್ನೋ ಅರ್ಥದಲ್ಲೂ ಓಡಾಡ್ತು, ದೊಡ್ಡ ಗಾತ್ರ ಅನ್ನೋದು ತಡವಾಗಿ ಬಂದು ಸೇರ್ಕೊಂಡಿದ್ದು. ಅಂದ್ರೆ ನಾವು ಅನುವಾದ ಮಾಡಿರೋದು ತಡವಾಗಿ ಬಂದ ಅರ್ಥವನ್ನ.

ಹಡಗಲ್ಲಿ ನಡೆಯೋದನ್ನ ನೋಡಿದ್ರೂ ರಾಶಿನೇ. ಕೇಪ್‌ಸೈಜ್ ಅಂತ ಕರಿಯೋ ದೊಡ್ಡ ಹಡಗಲ್ಲಿ ಸಾಮಾನ್ಯವಾಗಿ 9 ಒಡಲು ಇರತ್ತೆ, ಅದಕ್ಕಿಂತ ಸಣ್ಣ ಪನಾಮ್ಯಾಕ್ಸಲ್ಲಿ 7, ಇನ್ನೂ ಸಣ್ಣ ಸುಪ್ರಾಮ್ಯಾಕ್ಸಲ್ಲಿ 5. ಮೇಲಿನ ಕಬ್ಬಿಣದ ಮುಚ್ಚಳ ಪಕ್ಕಕ್ಕೆ ಸರಿಸ್ತಾರೆ, ಕನ್ವೇಯರ್ ಬೆಲ್ಟಿನ ತುದಿಯಿಂದ ಅದಿರು ಧಾರೆಯಾಗಿ ಬೀಳತ್ತೆ, ಒಡಲಿನ ನಡುವೆ ಗೋಪುರದ ಥರ ರಾಶಿ ಏಳತ್ತೆ, ಅದು ಒಂದು ಕಡೆ ವಾಲಬಾರ್ದು ಅಂತ ತುದಿಯನ್ನ ತಟ್ಟಿ ಸುತ್ತ ಹರಡ್ತಾರೆ. ಒಂದು ಕೇಪ್‌ಸೈಜಿಗೆ ಸುಮಾರು 1,80,000 ಟನ್ ಹಿಡಿಯತ್ತೆ, ಲಾರಿಗೆ 20 ಟನ್ ಅಂತ ಹಿಡಿದ್ರೂ 9,000 ಲಾರಿ ಲೋಡಾಯ್ತು. ಬ್ರೆಜಿಲ್ ಅದಿರಿಗೇ ಅಂತ ಕಟ್ಟಿಸಿರೋ ವಾಲೆಮ್ಯಾಕ್ಸ್ ಹಡಗುಗಳು 4,00,000 ಟನ್ ಹೊರ್ತವೆ. ಸರಕು ಇಳಿಸೋವಾಗ ದೊಡ್ಡ ಕಬ್ಬಿಣದ ಗ್ರ್ಯಾಬ್ ಒಡಲೊಳಗೆ ಇಳಿದು ಬಾಚಿಕೊಂಡು ಮೇಲೆ ಬರತ್ತೆ, ಕೊನೆಗೆ ತಳದಲ್ಲಿ ಉಳಿದಿದ್ದನ್ನ ಗುಡ್ಡೆ ಹಾಕೋಕೆ ಒಂದು ಬುಲ್ಡೋಜರ್ರನ್ನೇ ಕ್ರೇನಲ್ಲಿ ಇಳಿಸ್ತಾರೆ. ಸುರಿ, ಬಾಚು, ಗುಡ್ಡೆ ಹಾಕು, ರಾಶಿ, ಈ ಕೆಲಸಕ್ಕೆ ಬೇಕಾದ ಕ್ರಿಯಾಪದ ಎಲ್ಲ ಸುಗ್ಗಿ ಕಣದಲ್ಲೇ ಇದಾವೆ. ‘ರಾಶಿ ಮಾಡೋದು’ ಅಂದ್ರೆ ಉತ್ತರ ಕರ್ನಾಟಕದ ಯಾವ ರೈತನಿಗೂ ವಿವರಣೆ ಬೇಡ.

ಇದಕ್ಕೆ ಆಕ್ಷೇಪ ಬರತ್ತೆ ಅಂತ ಗೊತ್ತು, ಆಫೀಸಲ್ಲೇ ಬಂತು. ಶಿವಮೊಗ್ಗ, ಶಿರಸಿ ಅಡಿಕೆ ಮಾರ್ಕೆಟ್ಟಲ್ಲಿ ರಾಶಿ ಅನ್ನೋದು ಒಂದು ಬಗೆಯ ಅಡಿಕೆ ಹೆಸರು, ಹಾಗಾಗಿ ಸರಕಿನ ಪುಟದಲ್ಲಿ ‘ರಾಶಿ ದರ ಏರಿಕೆ’ ಅಂತ ಹಾಕಿದ್ರೆ ಮಲೆನಾಡಿನೋರು ಅಡಿಕೆ ಅಂದ್ಕೋತಾರೆ. ಸರಿಯಾದ ಮಾತು, ಅದಕ್ಕೇ ಬರೀ ರಾಶಿ ಅನ್ನದೆ ಯಾವಾಗ್ಲೂ ‘ರಾಶಿ ಸರಕು’, ‘ರಾಶಿ ಹಡಗು’ ಅಂತ ಜೋಡಿಸಿಯೇ ಬರೀಬೇಕು. ಮೇಷ ವೃಷಭದ ರಾಶಿ ಜೊತೆ ಗೊಂದಲ ಆಗತ್ತೆ ಅನ್ನೋದನ್ನ ನಾನು ಒಪ್ಪಲ್ಲ, ಕನ್ನಡದೋರು ಎರಡನ್ನೂ ದಿನಾ ಬಳಸ್ತಾರೆ, ಯಾರೂ ಎಡವಿಲ್ಲ. ಉತ್ತರ ಕನ್ನಡದ ಕಡೆ ‘ರಾಶಿ ಚಲೋ ಆತು’ ಅಂತ ತುಂಬಾ ಅನ್ನೋ ಅರ್ಥದಲ್ಲಿ ಹೇಳ್ತಾರಲ್ಲ, ಅದು ನಮಗೆ ಅನುಕೂಲನೇ ಆಯ್ತು. ‘ಬಿಡಿ ಸರಕು’ ಅಂತ ಒಬ್ರು ಸೂಚಿಸಿದ್ರು, ಬಿಡಿ ಹೂವು ಅಂತೀವಲ್ಲ ಆ ಅರ್ಥದಲ್ಲಿ, ಕಟ್ಟದೇ ಇರೋದು ಅಂತ. ಕೇಳೋಕೆ ಚೆನ್ನಾಗಿದೆ, ಆದ್ರೆ ಬಿಡಿ ಅಂದ್ರೆ ಒಂಟಿ, ಬಿಡಿಯಾಗಿ ಕೊಳ್ಳೋದು ಅಂದ್ರೆ ಒಂದೊಂದಾಗಿ ಕೊಳ್ಳೋದು, ಅರ್ಥ ತಿರುಗಿಬಿಡತ್ತೆ.

ಇನ್ನು ‘ಒಣ’. ಇದರ ಬಗ್ಗೆ ನನಗೆ ಬರೀ ಇಷ್ಟ ಇಲ್ಲ ಅನ್ನೋದಲ್ಲ, ಈ ಪದ ಇಲ್ಲಿ ಸುಳ್ಳು ಹೇಳತ್ತೆ ಅನ್ಸತ್ತೆ. ಇಂಗ್ಲಿಷಲ್ಲಿ ಡ್ರೈ ಅಂದಿದ್ದು ತೈಲದಂಥ ದ್ರವ ಅಲ್ಲ ಅನ್ನೋ ಅರ್ಥಕ್ಕೆ ಮಾತ್ರ. ಕನ್ನಡದಲ್ಲಿ ಒಣ ಅಂದ್ರೆ ಬಿಸಿಲಿಗೆ ಹಾಕಿ ತೇವ ಹೋಗಿರೋದು, ಒಣ ಮೆಣಸಿನಕಾಯಿ, ಒಣ ಮೀನು, ಒಣ ಹುಲ್ಲು. ಹಡಗಿಗೆ ಹಾಕೋ ಅದಿರು ಹಾಗಿರಲ್ಲ. ಫೈನ್ಸ್ ಅಂತ ಕರಿಯೋ ಪುಡಿ ಅದಿರಲ್ಲಿ ಯಾವಾಗ್ಲೂ ಸ್ವಲ್ಪ ನೀರು ಇದ್ದೇ ಇರತ್ತೆ, ಬಯಲಲ್ಲಿ ಬಿದ್ದಿರೋ ರಾಶಿ ಮೇಲೆ ಮಳೆ ಹೊಡೆದ್ರಂತೂ ಕೇಳೋದೇ ಬೇಡ. ಮೇಲಿಂದ ನೋಡಿದ್ರೆ ಗಟ್ಟಿ ಮಣ್ಣಿನ ಗುಡ್ಡೆ. ಸಮುದ್ರಕ್ಕೆ ಹೋದ ಮೇಲೆ ಎಂಜಿನ್ ಅದುರಾಟಕ್ಕೆ, ಅಲೆ ಹೊಡೆತಕ್ಕೆ ಪುಡಿ ಕುಸೀತಾ ಕುಸೀತಾ ಒಳಗಿನ ಜಾಗ ಕಮ್ಮಿ ಆಗಿ, ನೀರಿಗೆ ಹೋಗೋಕೆ ದಾರಿ ಇಲ್ದೆ ಒತ್ತಡ ಏರಿ, ಕಣಕಣದ ನಡುವಿನ ಹಿಡಿತ ತಪ್ಪಿ ಇಡೀ ರಾಶಿ ಕೆಸರಾಗಿ ಹರಿಯೋಕೆ ಶುರುವಾಗತ್ತೆ. ಹಡಗು ಒಂದು ಕಡೆ ವಾಲಿದಾಗ ಅದೂ ಆ ಕಡೆ ಹರಿಯತ್ತೆ, ಹಡಗು ಎದ್ದಾಗ ಪೂರ್ತಿ ವಾಪಸ್ ಬರಲ್ಲ, ಮುಂದಿನ ಅಲೆಗೆ ಇನ್ನಷ್ಟು ವಾಲತ್ತೆ. ಕೆಲವು ಸಲ ಮಗುಚೋಕೆ ಗಂಟೆಗಳೂ ಬೇಡ.

ಇದು ದೂರದ ಕತೆ ಅಲ್ಲ. 2009ರ ಜುಲೈನಲ್ಲಿ, ಮಳೆಗಾಲದ ನಡುವೆ, ಮಂಗಳೂರಲ್ಲಿ ಅದಿರು ತುಂಬಿಸ್ಕೊಂಡು ಹೊರಟ ಏಷ್ಯನ್ ಫಾರೆಸ್ಟ್ ಅನ್ನೋ ಹಡಗು ನಮ್ಮ ಕರಾವಳಿ ಎದುರೇ ವಾಲಿ ಮುಳುಗಿತು, ಪುಣ್ಯಕ್ಕೆ ಸಿಬ್ಬಂದಿ ಬದುಕಿದ್ರು. ಅದೇ ವರ್ಷ ಸೆಪ್ಟೆಂಬರಲ್ಲಿ ಒಡಿಶಾದ ಪಾರಾದೀಪ್ ಹತ್ರ ಬ್ಲ್ಯಾಕ್ ರೋಸ್ ಮುಳುಗಿತು, ಅದರಲ್ಲಿದ್ದಿದ್ದೂ ಅದಿರಿನ ಪುಡಿನೇ. 2010ರ ಕೊನೆಗೆ ಇಂಡೋನೇಷ್ಯಾದಿಂದ ನಿಕ್ಕಲ್ ಅದಿರು ಹೊತ್ತು ಚೀನಾಕ್ಕೆ ಹೊರಟಿದ್ದ ಮೂರು ಹಡಗು ಒಂದರ ಹಿಂದೊಂದು ಮುಳುಗಿ 44 ಜನ ನಾವಿಕರು ತೀರ್ಕೊಂಡ್ರು. 2015ರ ಜನವರಿಯಲ್ಲಿ ಮಲೇಷ್ಯಾದ ಬಾಕ್ಸೈಟ್ ತುಂಬಿದ್ದ ಬಲ್ಕ್ ಜುಪಿಟರ್‌ನಲ್ಲಿ 19 ಜನರ ಪೈಕಿ ಉಳಿದಿದ್ದು ಒಬ್ಬರೇ. ಈ ಸರಕಿಗೆಲ್ಲ ಎಷ್ಟು ತೇವದವರೆಗೆ ಹಡಗು ಹತ್ತಿಸಬಹುದು ಅನ್ನೋ ಮಿತಿ ಇದೆ, ಅದಕ್ಕಿರೋ ಅಂತರರಾಷ್ಟ್ರೀಯ ಸಂಹಿತೆ 2011ರ ಜನವರಿ 1ರಿಂದ ಕಡ್ಡಾಯ ಆಯ್ತು. ಲ್ಯಾಬ್ ಪರೀಕ್ಷೆ ಜೊತೆಗೆ ಹಡಗಿನ ಆಫೀಸರ್ ಮಾಡೋ ಒಂದು ಸರಳ ಪರೀಕ್ಷೆ ಇದೆ: ಒಂದು ಡಬ್ಬಕ್ಕೆ ಅರ್ಧ ಅದಿರು ತುಂಬಿ, ಅದನ್ನ ಒಂದು ಗೇಣು ಎತ್ತರದಿಂದ ಗಟ್ಟಿ ನೆಲಕ್ಕೆ 25 ಸಲ ಕುಟ್ಟಬೇಕು, ಆಮೇಲೆ ಮೇಲ್ಮೈ ನೋಡಬೇಕು, ನೀರು ಒಸರಿದ್ರೆ ಅಥವಾ ಪುಡಿ ಕೆಸರಿನ ಥರ ಹರಿಯೋಕೆ ಶುರುವಾದ್ರೆ ಲೋಡಿಂಗ್ ನಿಲ್ಸಿ ಮತ್ತೆ ಟೆಸ್ಟ್ ಮಾಡಿಸ್ಬೇಕು. ಒಸರದೇ ಇದ್ರೂ ಸುರಕ್ಷಿತ ಅಂತಲ್ಲ, ಅದು ಬೇರೆ ಮಾತು. ಹಳಗನ್ನಡದಲ್ಲಿ ಅದಿರ್ ಅಂದ್ರೆ ನಡುಗು ಅಂತಾನೂ ಅರ್ಥ ಇದೆಯಲ್ಲ, ಈ ಪರೀಕ್ಷೆ ಬಗ್ಗೆ ಓದಿದಾಗೆಲ್ಲ ನನಗೆ ಅದು ನೆನಪಾಗತ್ತೆ.

ಇಷ್ಟೆಲ್ಲ ಆದ ಮೇಲೂ ಇದನ್ನ ‘ಒಣ ಸರಕು’ ಅಂತ ಬರೆದು ಪಕ್ಕದ ಸಾಲಲ್ಲೇ ‘ತೇವದಿಂದ ಹಡಗು ಮುಳುಗಿತು’ ಅಂತ ಬರೆದ್ರೆ ಓದುಗರಿಗೆ ಏನು ಅರ್ಥ ಆಗಬೇಕು? ರಾಶಿ ಅನ್ನೋ ಪದ ಇಟ್ಕೊಂಡ್ರೆ ಒಣ ಅನ್ನೋದು ಬೇಕಾಗೇ ಇಲ್ಲ, ಯಾಕಂದ್ರೆ ಎಣ್ಣೆನ, ನೀರನ್ನ ಯಾರೂ ರಾಶಿ ಹಾಕೋಕಾಗಲ್ಲ, ದ್ರವ ಅಲ್ಲ ಅನ್ನೋದು ಆ ಪದದೊಳಗೇ ಇದೆ. ಕಚ್ಚಾ ತೈಲದ್ದು ಟ್ಯಾಂಕರ್ ಸರಕು, ಇದು ರಾಶಿ ಸರಕು, ಇನ್ನುಳಿದಿದ್ದು ಕಂಟೇನರ್, ಮತ್ತೆ ಕಟ್ಟು, ಮೂಟೆ, ಪೈಪು, ಮರದ ದಿಮ್ಮಿ ಥರದ್ದು. ಮುಗೀತು.

ಈಗ ಸೂಚ್ಯಂಕದ ವಿಷ್ಯ. ಲಂಡನ್ನಿನ ಬಾಲ್ಟಿಕ್ ಎಕ್ಸ್‌ಚೇಂಜ್, 1744ರಲ್ಲಿ ವರ್ಜೀನಿಯಾ ಅಂಡ್ ಬಾಲ್ಟಿಕ್ ಅನ್ನೋ ಕಾಫಿ ಹೌಸಲ್ಲಿ ವ್ಯಾಪಾರಿಗಳೂ ಹಡಗಿನ ಕ್ಯಾಪ್ಟನ್ನುಗಳೂ ಸೇರ್ತಿದ್ದ ಜಾಗದಿಂದ ಬೆಳೆದಿದ್ದು, 2016ರಲ್ಲಿ ಅದನ್ನ ಸಿಂಗಾಪುರ ಎಕ್ಸ್‌ಚೇಂಜ್ ಕೊಂಡ್ಕೊಂಡ್ತು. ಅಲ್ಲಿ 1985ರಲ್ಲಿ 1,000 ಪಾಯಿಂಟಿಂದ ಶುರುವಾದ ಸೂಚ್ಯಂಕದ ಮುಂದುವರಿಕೆಯೇ ಈಗಿನ ಬಾಲ್ಟಿಕ್ ಡ್ರೈ ಇಂಡೆಕ್ಸ್. ಬ್ರೋಕರ್‌ಗಳು ದಿನಾ ಕೊಡೋ ಅಂದಾಜು ಸೇರಿಸಿ ಲೆಕ್ಕ ಹಾಕ್ತಾರೆ, 2018ರಿಂದ ಕೇಪ್‌ಸೈಜಿಗೆ 40 ಪರ್ಸೆಂಟ್, ಪನಾಮ್ಯಾಕ್ಸ್ 30, ಸುಪ್ರಾಮ್ಯಾಕ್ಸ್ 30. ಇದು ಹಡಗಿನ ಬಾಡಿಗೆ ಸೂಚ್ಯಂಕ. ‘ಬಾಲ್ಟಿಕ್ ಒಣ ಸೂಚ್ಯಂಕ’ ಅಂದ್ರೆ ಹವಾಮಾನ ಇಲಾಖೆದೇನೋ ಅನ್ಸತ್ತೆ. ‘ಬಾಲ್ಟಿಕ್ ರಾಶಿ ಹಡಗು ಬಾಡಿಗೆ ಸೂಚ್ಯಂಕ’ ಅಂತ ಒಂದ್ಸಲ ಬರೆದು ಆಮೇಲೆ ‘ಬಾಲ್ಟಿಕ್ ಸೂಚ್ಯಂಕ’ ಅಂದ್ರೆ ಸಾಕು. ಬಾಡಿಗೆ ಅನ್ನೋದು ಅಲ್ಲಿ ಇರ್ಲೇಬೇಕು ಅಂತ ನಾನು ಹಟ ಹಿಡಿಯೋದು ಯಾಕಂದ್ರೆ, ಸೂಚ್ಯಂಕ ಇಳಿದ ತಕ್ಷಣ ‘ಜಗತ್ತಿನಲ್ಲಿ ಕಚ್ಚಾ ವಸ್ತುಗಳ ಬೇಡಿಕೆ ಕುಸಿತ’ ಅಂತ ಹೆಡ್ಡಿಂಗ್ ಕೊಡೋ ಅಭ್ಯಾಸ ಇದೆ. ಬಾಡಿಗೆ ಇಳಿಯೋಕೆ ಸರಕು ಕಮ್ಮಿ ಆಗಿರಬಹುದು, ಹಡಗು ಜಾಸ್ತಿ ಆಗಿರಬಹುದು, ಎರಡೂ ಆಗಿರಬಹುದು.

2008ನ್ನೇ ನೋಡಿ. ಆ ವರ್ಷ ಮೇ 20ಕ್ಕೆ ಸೂಚ್ಯಂಕ 11,793, ಜೂನ್ ಹೊತ್ತಿಗೆ ಒಂದು ಕೇಪ್‌ಸೈಜ್ ಹಡಗಿನ ದಿನದ ಬಾಡಿಗೆ 2.3 ಲಕ್ಷ ಡಾಲರ್ ದಾಟಿತ್ತು. ಡಿಸೆಂಬರ್ 5ಕ್ಕೆ ಸೂಚ್ಯಂಕ 663, ಅದೇ ಹಡಗಿಗೆ ದಿನಕ್ಕೆ 2,300 ಡಾಲರ್ ಆಸುಪಾಸು, ಸಿಬ್ಬಂದಿ ಸಂಬಳಕ್ಕೂ ಸಾಲದಷ್ಟು. ಆಗ ನಿಜವಾಗ್ಲೂ ಬೇಡಿಕೆ ಬಿದ್ದಿತ್ತು, ಚೀನಾದ ಉಕ್ಕಿನ ಮಿಲ್‌ಗಳು ಕೈ ಕಟ್ಟಿ ಕೂತಿದ್ವು, ಬ್ಯಾಂಕುಗಳು ಒಂದನ್ನೊಂದು ನಂಬದೆ ಸಾಲಪತ್ರ (ಲೆಟರ್ ಆಫ್ ಕ್ರೆಡಿಟ್) ಕೊಡೋದೇ ನಿಲ್ಸಿದ್ವು. ಆದ್ರೆ 2016ರ ಫೆಬ್ರವರಿ 10ಕ್ಕೆ ಸೂಚ್ಯಂಕ 290ಕ್ಕೆ ಬಿತ್ತಲ್ಲ, ಅದು ಇಲ್ಲಿವರೆಗಿನ ಅತಿ ಕಮ್ಮಿ, ಆ ವರ್ಷ ಚೀನಾ ತರಿಸಿಕೊಂಡ ಅದಿರು 2008ಕ್ಕಿಂತ ದುಪ್ಪಟ್ಟಿಗೂ ಹೆಚ್ಚು. ಬೇಡಿಕೆ ಕುಸಿತ ಅಂತ ಹೆಂಗೆ ಬರೆಯೋದು? ಒಳ್ಳೇ ಕಾಲದಲ್ಲಿ ಎಲ್ರೂ ಹಡಗು ಆರ್ಡರ್ ಮಾಡಿದ್ರು, ಹಡಗು ಕಟ್ಟೋಕೆ ಎರಡು ಮೂರು ವರ್ಷ ಬೇಕು, ಕಟ್ಟಿ ನೀರಿಗಿಳಿಸೋ ಹೊತ್ತಿಗೆ ಕಾಲ ಮುಗಿದಿತ್ತು, ಇಳಿದ ಹಡಗು ಇಪ್ಪತ್ತು ಇಪ್ಪತ್ತೈದು ವರ್ಷ ಓಡ್ಲೇಬೇಕು. 2021ರ ಅಕ್ಟೋಬರ್ 7ರಂದು 5,650ಕ್ಕೆ ಏರಿದ್ದಕ್ಕೂ ಸರಕಿನ ಜೊತೆಗೆ ಇನ್ನೊಂದು ಕಾರಣ ಇತ್ತು, ಕೋವಿಡ್ ನಿಯಮದಿಂದ ಚೀನಾ ಬಂದರುಗಳ ಹೊರಗೆ ಹಡಗುಗಳು ಸಾಲುಗಟ್ಟಿ ನಿಂತುಬಿಟ್ಟು ಓಡೋ ಹಡಗು ಕಮ್ಮಿ ಆಗಿದ್ವು.

ಅದಕ್ಕೇ ನನ್ನ ಎರಡನೇ ಪ್ರಶ್ನೆ ‘ಬೇಡಿಕೆ’ ಪದದ ಬಗ್ಗೆ. ಈ ವ್ಯವಹಾರದಲ್ಲಿ ಬೇಡಿಕೆ ಅನ್ನೋದನ್ನ ಟನ್‌ನಲ್ಲಿ ಅಳೆಯಲ್ಲ, ಟನ್-ಮೈಲಿಯಲ್ಲಿ ಅಳೀತಾರೆ, ಎಷ್ಟು ಸರಕು ಅನ್ನೋದನ್ನ ಎಷ್ಟು ದೂರ ಅನ್ನೋದ್ರಿಂದ ಗುಣಿಸಿ. ಪಶ್ಚಿಮ ಆಸ್ಟ್ರೇಲಿಯಾದ ಪೋರ್ಟ್ ಹೆಡ್ಲ್ಯಾಂಡಿಂದ ಚೀನಾದ ಕಿಂಗ್ಡಾವ್‌ಗೆ ಸುಮಾರು 3,500 ನಾಟಿಕಲ್ ಮೈಲಿ, ಬ್ರೆಜಿಲಿನ ಟುಬರಾವ್‌ನಿಂದ ಅದೇ ಕಿಂಗ್ಡಾವ್‌ಗೆ ಸುಮಾರು 11,000. ಉಕ್ಕಿನ ಮಿಲ್ಲಿಗೆ ಎರಡೂ ಕಡೆಯ ಒಂದು ಟನ್ ಒಂದೇ ಟನ್, ಹಡಗಿನೋರಿಗೆ ಬ್ರೆಜಿಲಿನ ಒಂದು ಟನ್ ಅಂದ್ರೆ ಮೂರು ಟನ್. 2019ರ ಜನವರಿ 25ಕ್ಕೆ ಬ್ರೆಜಿಲಿನ ಬ್ರುಮಾಡಿನ್ಯೊದಲ್ಲಿ ಗಣಿ ಕೆಸರಿನ ಅಣೆಕಟ್ಟೆ ಒಡೆದು 270 ಜನ ಹೋದ್ರು, ಅದರ ಮಾಲೀಕ ಕಂಪನಿ ವಾಲೆಯ ಎಷ್ಟೋ ಗಣಿ ಬಂದ್ ಆಯ್ತು, ಅದಿರಿನ ರೇಟು ಜಿಗೀತು, ಅದೇ ಹೊತ್ತಿಗೆ ಹಡಗಿನ ಬಾಡಿಗೆ ನೆಲಕಚ್ಚಿತು, ಸೂಚ್ಯಂಕ ಫೆಬ್ರವರಿಯಲ್ಲಿ 600ಕ್ಕಿಂತ ಕೆಳಗೆ ಹೋಯ್ತು. ಒಂದೇ ಘಟನೆ, ಅದಿರು ಮಾರೋನಿಗೆ ಒಂದು, ಹಡಗು ಓಡಿಸೋನಿಗೆ ಇನ್ನೊಂದು. ಈಗ ಪಶ್ಚಿಮ ಆಫ್ರಿಕಾದ ಗಿನಿಯಲ್ಲಿ ಸಿಮಾಂಡು ಗಣಿ ಶುರುವಾಗಿರೋದಕ್ಕೆ ಹಡಗಿನೋರು ಖುಷಿಯಾಗಿರೋದೂ ಇದೇ ಲೆಕ್ಕಕ್ಕೆ, ಆಸ್ಟ್ರೇಲಿಯಾದ ಅದಿರಿನ ಬದಲು ಅಲ್ಲಿಂದ ಬಂದ್ರೆ ಟನ್ ಏರದೇ ಇದ್ರೂ ಮೈಲಿ ಏರತ್ತೆ. ಕೆಂಪು ಸಮುದ್ರದಲ್ಲಿ 2023ರ ಕೊನೆಯಿಂದ ದಾಳಿ ಶುರುವಾಗಿ ಹಡಗುಗಳು ಆಫ್ರಿಕಾ ಸುತ್ತಿಕೊಂಡು ಹೋದಾಗ ಆಗಿದ್ದೂ ಅದೇ. ಟನ್-ಮೈಲಿಗೆ ಹೊಸ ಪದ ಬೇಡ, ಅರ್ಥ ಆಗತ್ತೆ. ಆದ್ರೆ ಬರೀ ‘ಬೇಡಿಕೆ’ ಅಂತ ಬಿಡದೆ ‘ಅದಿರಿನ ಬೇಡಿಕೆ’, ‘ಹಡಗಿನ ಬೇಡಿಕೆ’ ಅಂತ ಬೇರೆಬೇರೆಯಾಗಿ ಬರಿಯೋ ಪದ್ಧತಿ ಬರಬೇಕು ಅನ್ನೋದು ನನ್ನ ಆಸೆ, ಒಪ್ತೀರಾ?

ನಮ್ಮ ರಾಜ್ಯಕ್ಕೆ ಇದು ಎಷ್ಟು ಹತ್ರದ್ದು ಅಂದ್ರೆ, 2003ರಲ್ಲಿ ಚೀನಾ ಜಪಾನನ್ನ ಹಿಂದೆ ಹಾಕಿ ಅತಿ ಹೆಚ್ಚು ಅದಿರು ತರಿಸೋ ದೇಶ ಆಯ್ತು, ಅಲ್ಲಿಂದ ಮುಂದೆ ಬಳ್ಳಾರಿ ಜಿಲ್ಲೆಯಲ್ಲಿ ಆಗಿದ್ದೆಲ್ಲ ನಿಮಗೆ ಗೊತ್ತಿರೋದೇ. 2009-10ರಲ್ಲಿ ದೇಶದ ಅದಿರು ರಫ್ತು 10 ಕೋಟಿ ಟನ್ ದಾಟಿತ್ತು. ಅರಬೈಲ್ ಘಟ್ಟ ಇಳಿದು ಬೇಲೆಕೇರಿಗೆ, ಕಾರವಾರಕ್ಕೆ, ಆ ಕಡೆ ಆಂಧ್ರದ ಕೃಷ್ಣಪಟ್ಟಣಂಗೆ ಲಾರಿಗಳು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸ್ತು, 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ, ಅದೇ ತಿಂಗಳು ಬಳ್ಳಾರಿ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ತಡೆ, ರಫ್ತಿನ ನಿರ್ಬಂಧ ಸುಪ್ರೀಂ ಕೋರ್ಟ್ ತೆಗೆದಿದ್ದು 2022ರ ಮೇನಲ್ಲಿ. ಈಗ ಹಡಗು ತಿರುಗಿ ನಮ್ಮ ಕಡೆಗೇ ಬರ್ತಿದೆ. ಬ್ಲಾಸ್ಟ್ ಫರ್ನೇಸಲ್ಲಿ ಒಂದು ಟನ್ ಉಕ್ಕಿಗೆ ಸುಮಾರು ಒಂದೂವರೆ ಟನ್ ಅದಿರು, ಮುಕ್ಕಾಲು ಟನ್ನಿನಷ್ಟು ಕೋಕಿಂಗ್ ಕಲ್ಲಿದ್ದಲು ಬೇಕು, ಅದಿರು ಸಂಡೂರಲ್ಲಿ ಸಿಗತ್ತೆ, ಆ ಕಲ್ಲಿದ್ದಲು ನಮ್ಮಲ್ಲಿ ಸಾಕಷ್ಟಿಲ್ಲ, ದೊಡ್ಡ ಪಾಲು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿಂದ ಬರತ್ತೆ, ಗೋವಾದ ಮುರ್ಮುಗಾಂವ್‌ನಲ್ಲಿ ಇಳಿದು ರೈಲಲ್ಲಿ ಉಕ್ಕಿನ ಕಾರ್ಖಾನೆ ಇರೋ ತೋರಣಗಲ್ಲಿಗೆ ಹೋಗತ್ತೆ. ಬೆಂಗಳೂರಲ್ಲಿ ಮನೆ ಕಟ್ಟೋರು ಕಂಬಿ ರೇಟ್ ಯಾಕೆ ಏರಿತು ಅಂತ ಕೇಳ್ತಾರಲ್ಲ, ಉತ್ತರದಲ್ಲಿ ಒಂದು ಪಾಲು ಈ ಹಡಗಿಂದು. ಹೊಲಕ್ಕೆ ಹಾಕೋ ಪೊಟ್ಯಾಷ್ ಪೂರ್ತಿ ಹೊರಗಿಂದ, ಅದೂ ಹೀಗೇ ರಾಶಿಯಾಗಿ ಬಂದು ಬಂದರಲ್ಲಿ ಚೀಲ ತುಂಬ್ಸಿಕೊಳ್ಳತ್ತೆ.

ಮೂರನೇದು ‘ಸರಕು’ ಪದದ್ದೇ ತೊಂದರೆ. ಕಾರ್ಗೋ ಸರಕು, ಕಮಾಡಿಟಿನೂ ಸರಕು, ಜಿಎಸ್‌ಟಿಯಲ್ಲಿ ಗೂಡ್ಸೂ ಸರಕು. ‘ಸರಕು ಮಾರುಕಟ್ಟೆ ಚೇತರಿಕೆ’ ಅಂದ್ರೆ ತಾಮ್ರ, ಅದಿರಿನ ಬೆಲೆ ಚೇತರಿಸ್ತೋ, ಸಾಗಣೆ ಬಾಡಿಗೆ ಚೇತರಿಸ್ತೋ? ಬ್ರುಮಾಡಿನ್ಯೊ ಥರದ ಸಮಯದಲ್ಲಿ ಎರಡೂ ಉಲ್ಟಾ ಹೋಗ್ತಿರ್ತವೆ, ಒಂದೇ ಪದ ಇಟ್ಕೊಂಡು ಬರಿಯೋದು ಹೆಂಗೆ? ಹಡಗಿಗೆ ಹತ್ತಿದ ಮೇಲೆ ಅದನ್ನ ‘ಹೇರು’ ಅಂತ ಕರಿಯೋಣ್ವಾ ಅಂತ ಯೋಚನೆ ಇದೆ, ಎತ್ತಿನ ಮೇಲಿನ ಹೇರು ಅಂತ ಹಳ್ಳಿ ಕಡೆ ಹೇಳ್ತಾರಲ್ಲ ಅದು, ಆದ್ರೆ ಬೆಂಗಳೂರಿನ ಹುಡುಗರಿಗೆ ‘ಹೇರು’ ಅಂದ್ರೆ ಬಲವಂತವಾಗಿ ಹೇರೋದು ಮಾತ್ರ ಗೊತ್ತಿರೋ ಹಾಗಿದೆ. ನಿಮ್ಮ ಅಭಿಪ್ರಾಯ ಬೇಕು.

ಬಾಡಿಗೆಯಲ್ಲೂ ಎರಡಿದೆ. ಇಲ್ಲಿಂದ ಅಲ್ಲಿಗೆ ಟನ್ನಿಗಿಷ್ಟು ಅಂತ ಮಾತಾಡೋದು ಒಂದು, ಹಡಗನ್ನೇ ದಿನಕ್ಕಿಷ್ಟು ಅಂತ ಹಿಡಿಯೋದು ಇನ್ನೊಂದು. ಎರಡನೇದ್ರಲ್ಲಿ ಇಂಧನದ ಖರ್ಚು ಹಿಡಿದೋನ ತಲೆ ಮೇಲೆ. ಇದನ್ನ ಕನ್ನಡದಲ್ಲಿ ಹೇಳೋಕೆ ಕಷ್ಟ ಅಂತ ಯಾರಾದ್ರೂ ಹೇಳಿದ್ರೆ ಅವರು ಕಲಾಸಿಪಾಳ್ಯದ ಟ್ರಾನ್ಸ್‌ಪೋರ್ಟ್ ಆಫೀಸಲ್ಲಿ ಒಂದು ಮಧ್ಯಾಹ್ನ ಕೂತು ಕೇಳಬೇಕು. “ಹೋಗೋಕ್ ಲೋಡ್ ಐತೆ, ಬರೋಕ್ ಖಾಲಿ, ಅದನ್ನ ಸೇರ್ಸಿ ರೇಟ್ ಹೇಳಣ್ಣ” ಅಂತ ಡ್ರೈವರ್ ಹೇಳ್ತಾನೆ. ಬ್ರೆಜಿಲಿಗೆ ಖಾಲಿ ಹೋಗೋ ಹಡಗಿನ ಮಾಲೀಕ ಹಾಕೋ ಲೆಕ್ಕ ಇದೇ, ಅಲ್ಲಿ ಖಾಲಿ ಅಂದ್ರೂ ಹಡಗು ನೆಟ್ಟಗೆ ನಿಲ್ಲೋಕೆ ಸಮುದ್ರದ ನೀರನ್ನೇ ಟ್ಯಾಂಕಿಗೆ ತುಂಬಿಸ್ಕೊಂಡು ಹೋಗಬೇಕು ಅಷ್ಟೇ ವ್ಯತ್ಯಾಸ. ನಿಲುಭಾರ ಪಯಣ ಅಂತ ಬರಿಯೋದಕ್ಕಿಂತ ‘ಖಾಲಿ ಓಟ’ ಅಂದ್ರೆ ಒಂದೇ ಏಟಿಗೆ ಗೊತ್ತಾಗತ್ತೆ. ಲೋಡಿಂಗ್ ತಡ ಆಗಿ ಲಾರಿ ನಿಂತ್ರೆ ಹಾಲ್ಟಿಂಗ್ ಅಂತ ಕೇಳ್ತಾರೆ, ಹಡಗಲ್ಲಿ ಅದು ಡೆಮರೇಜ್. ಇದನ್ನ ‘ವಿಳಂಬ ಶುಲ್ಕ’ ಅಂತ ಬರಿಯೋದು ನನಗೆ ಸರಿ ಕಾಣಲ್ಲ, ಲೈಬ್ರರಿ ಪುಸ್ತಕಕ್ಕೂ ಕರೆಂಟ್ ಬಿಲ್ಲಿಗೂ ಇರೋ ದಂಡ ಅದು. ಡೆಮರೇಜ್ ದಂಡ ಅಲ್ಲ, ಮೊದಲೇ ಕರಾರಲ್ಲಿ ಇಬ್ರೂ ಒಪ್ಪಿ ಬರ್ಕೊಂಡಿರೋ ದಿನದ ದರ. ಮಳೆ ಬಂದು ಲೋಡಿಂಗ್ ನಿಂತ ದಿನ ಗಡುವಲ್ಲಿ ಲೆಕ್ಕಕ್ಕೆ ಬರಲ್ಲ ಅಂತ ಕರಾರಿದ್ರೂ, ಗಡುವು ಮುಗಿದು ಡೆಮರೇಜ್ ಒಂದ್ಸಲ ಶುರುವಾಯ್ತು ಅಂದ್ರೆ ಆಮೇಲೆ ಮಳೆ, ಭಾನುವಾರ, ಹಬ್ಬ ಯಾವುದೂ ಅದನ್ನ ನಿಲ್ಸಲ್ಲ. ರೈಲ್ವೆ ಗೂಡ್ಸ್ ಶೆಡ್ಡಲ್ಲಿ ಹಮಾಲರೂ ಡೆಮರೇಜ್ ಅಂತಾನೇ ಹೇಳೋದು, ಅದು ಆಗ್ಲೇ ಕನ್ನಡ ಆಗಿದೆ, ಅದನ್ನ ಮುಟ್ಟೋದು ಬೇಡ. ಹಾಗೇ ಕೇಪ್‌ಸೈಜ್, ಪನಾಮ್ಯಾಕ್ಸ್ ಕೂಡ ಹೆಸರುಗಳು, ಅವೂ ಇದ್ದ ಹಾಗೇ ಇರಲಿ.

ಕಡೇದಾಗಿ ಕರಾವಳಿಯೋರಿಗೆ ನನ್ನ ಕೋರಿಕೆ. ಬೇಲೆಕೇರಿಯಲ್ಲಿ ಹಡಗು ದೂರ ಲಂಗರು ಹಾಕಿ ನಿಂತು, ಬಾರ್ಜ್‌ಗಳಲ್ಲಿ ಅದಿರು ಒಯ್ದು ತುಂಬ್ತಿದ್ರಲ್ಲ, ಆ ಬಾರ್ಜಿಗೆ ಅಲ್ಲಿನ ಕೆಲಸದೋರು ಏನಂತಿದ್ರು, ಮಚ್ವೆ ಅಂತಲೇ ಇತ್ತಾ, ಬೇರೆ ಏನಾದ್ರೂ ಇತ್ತಾ? ಮಂಗಳೂರಲ್ಲಿ ಧಕ್ಕೆ ಅನ್ನೋ ಪದ ಮೀನಿನ ಬಂದರಿಗೆ ಮಾತ್ರನಾ, ಪಣಂಬೂರಿನ ದೊಡ್ಡ ಹಡಗು ನಿಲ್ಲೋ ಜಾಗಕ್ಕೂ ಹೇಳ್ತಾರಾ? ಮುಖ್ಯವಾಗಿ, ಒಡಲೊಳಗೆ ಇಳಿದು ರಾಶಿ ತುದಿ ತಟ್ಟಿ ಸಮ ಮಾಡೋ ಕೆಲಸಕ್ಕೆ, ಇಂಗ್ಲಿಷಲ್ಲಿ ಟ್ರಿಮ್ಮಿಂಗ್ ಅಂತಾರೆ, ಕಾರವಾರ, ಮಂಗಳೂರಿನ ಬಂದರು ಕಾರ್ಮಿಕರ ಬಾಯಲ್ಲಿ ಕನ್ನಡದಲ್ಲೋ ತುಳುವಲ್ಲೋ ಕೊಂಕಣಿಯಲ್ಲೋ ಒಂದು ಪದ ಇದ್ದೇ ಇರಬೇಕು. ಮನೇಲಿ, ನೆಂಟರಲ್ಲಿ ಆ ಕೆಲಸ ಮಾಡಿದೋರು ಇದ್ರೆ ಕೇಳಿ ತಿಳಿಸಿ, ಯಾವ ಊರಿನ ಬಳಕೆ ಅನ್ನೋದನ್ನೂ ಜೊತೆಗೆ ಬರೀರಿ.